ಕಲಿತ ನಮಸ್ಕಾರ

ನನ್ನ ಗಂಡ ಮರಿಲಿಂಗನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಬಾಡಿಗೆ ಮನೆ ಸಿಕ್ಕಿದ್ದೇ ಕಷ್ಟಪಟ್ಟು.

"ಅಲ್ಲಿ ಭಾಷಣ ಮಾಡಬ್ಯಾಡ," ಎಂದ. "ಮಾಲಕರಿಗೆ ನಮಸ್ಕಾರ ಅನ್ನು. ಜೈಭೀಮ್ ಅಂದ್ರ ನಾವು ಯಾರಂತ ಗೊತ್ತಾಗಿ ಮನಿ ಹೋಗ್ತದ."

ಇಪ್ಪತ್ತು ವರ್ಷ ಮೆರವಣಿಗೆಯಲ್ಲಿ ಅದನ್ನೇ ಕೂಗಿದ ಗಂಟಲು ನನ್ನದು. ಮಗಳು ಸಪ್ನಾಳ ಕಾಲೇಜಿಗಾಗಿ ಹೂಂ ಅಂದೆ. ಸಿಟ್ಟು ಮಾತ್ರ ಸಾಮಾನಿನ ಜೊತೆ ಟೆಂಪೋ ಹತ್ತಿತು.

ಶಹಾಪುರ ದಾಟುವಾಗ ಬೆಳಗಿನ ಮಂಜು. ಮಲಗಿದ ಬುದ್ಧನಂಥ ಗುಡ್ಡ ಹೊಲಗಳ ಮೇಲೆ ತೇಲುತ್ತಿತ್ತು. ನಾವು ನಿಂತಲ್ಲೇ ಇದ್ದೇವೆ, ಮಲಗಿದವನೇ ಊರು ಬಿಟ್ಟು ಹೊರಟಿದ್ದಾನೆ ಅನಿಸಿತು. ನಾನು ತೂಕಡಿಸುವಾಗ ಗಂಡನ ಪಿಸುದನಿ ಕೇಳಿತು: "ನಮಸ್ಕಾರ್ರಿ... ನಮಸ್ಕಾರ್ರಿ..." ದಾರಿಯುದ್ದಕ್ಕೂ ಅದನ್ನೇ ಕಲಿಯುತ್ತಿದ್ದ.

ಹುಬ್ಬಳ್ಳಿಯಲ್ಲಿ ಮಾಲೀಕರು ಕೀಲಿಕೈ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೈ ಮುಗಿದೆ. "ನಮಸ್ಕಾರ್ರಿ."

ಟೆಂಪೋದಿಂದ ಇಳಿದ ಗಂಡ, ಊರಲ್ಲಿ ಯಾರೇ ಎದುರಾದರೂ ಅನ್ನುವಂತೆ, ನಗುನಗುತ್ತ ಅಂದ: "ಜೈಭೀಮ್ರಿ."

ಕೀಲಿಕೈ ಮಾಲೀಕರ ಮುಷ್ಟಿಯಲ್ಲೇ ಉಳಿಯಿತು. ಗಂಡನ ಮುಖ ಬಿಳಿಚಿಕೊಂಡಿತು.

ನಾನು ಮುಗಿದ ಕೈ ಬಿಟ್ಟು, ಹೋಗಿ ಅವನ ಪಕ್ಕ ನಿಂತೆ. ಗಟ್ಟಿಯಾಗಿ ನಾನೂ ಅಂದೆ: "ಜೈಭೀಮ್ರಿ."