ಬಾಗಿಲ ಹಿಂದಿನ ಗೋಡೆ

"ಒಳಗ ಬಾ ಅಂದ್ರ ಎಲ್ಲೀತನಕ ಬರ್ಲಿ ಹೇಳ್ರಿ ರಾಯರ?" ಎಂದಳು ಜಂಬಮ್ಮ.

ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ತೆಂಗಿನ ನಾರು ಹಿಡಿದು ಅಡುಗೆ ಮನೆಯ ಹೊಸ್ತಿಲ ಹೊರಗೆ ನಿಂತಿದ್ದಳು. ಗಾಂಧಿನಗರದ ಈ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಸಮುಸುರೆ ಮಾಡುತ್ತಿದ್ದವಳು. ಹಿತ್ತಲು, ಬಚ್ಚಲು, ಪಡಸಾಲೆ, ಮಲಗುವ ಕೋಣೆ, ಎಲ್ಲ ಅವಳ ಕೈಯಲ್ಲೇ. ಅಡುಗೆ ಮನೆ ಮಾತ್ರ ಮಡಿ. ಪಾತ್ರೆಗಳು ಹಿತ್ತಲಿಗೆ ಬರುತ್ತಿದ್ದವು. ಅವಳು ತೊಳೆದು ಬೋರಲು ಹಾಕಿದ ಮೇಲೆ ಮನೆಯೊಡತಿ ಪದ್ಮಾಬಾಯಿ ಇನ್ನೊಂದು ಚೊಂಬು ನೀರು ಹಾಕಿ ಒಳಗೆ ತೆಗೆದುಕೊಳ್ಳುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿದವರಲ್ಲ.

"ಎಲ್ಲೀತನಕ ಅಂದ್ರ? ಪೂರಾ ಬಾ," ಎಂದ ಪದ್ಮಾಬಾಯಿಯ ಗಂಡ ರಾಘಣ್ಣ. "ಪದ್ಮಾ ದೇವರ ಪೆಟ್ಟಿಗಿ ತಗೊಂಡು ಕಂಟೋನ್ಮೆಂಟಿಗೆ, ಅವರಕ್ಕನ ಮನಿಗೆ ಹೋಗ್ಯಾಳ. ಮನಿ ನೋಡ್ಲಿಕ್ಕೆ ಬರೋ ಮಂದಿ ಕಣ್ಣು ದೇವರ ಮ್ಯಾಲೆ ಬೀಳಬಾರದಂತ. ದೇವರೇ ಇಲ್ಲಂದಮ್ಯಾಲೆ ಇನ್ಯಾವ ಮಡಿ?"

"ದೇವ್ರು ಎದ್ದು ಹೋದಮ್ಯಾಲೆ ನನ್ ಪಾಳಿ ಬಂತು ಅನ್ರಿ!" ಎಂದು ನಕ್ಕು, ಜಂಬಮ್ಮ ಮದುಮಗಳ ಹಾಗೆ ಬಲಗಾಲು ಮುಂದಿಟ್ಟು ಒಳಗೆ ಬಂದಳು.

ಹನ್ನೊಂದು ಗಂಟೆಗೆ ಕುರುಗೋಡಿನಿಂದ ಚಿದಾನಂದಪ್ಪ ಎಂಬವನು ಸೊಸೆಯನ್ನು ಕರೆದುಕೊಂಡು ಮಾರಾಟಕ್ಕಿದ್ದ ಈ ಮನೆಯನ್ನು ನೋಡಲು ಬರುವವನಿದ್ದ. ಮೂರು ದಿನದಿಂದ ತೊಳೆಯುವುದೇ ಕೆಲಸ. ಎಲ್ಲಿ ಮುಟ್ಟಿದರೂ ಕೆಂಪು ಧೂಳು. ಕಿಟಕಿಯ ಜಾಲರಿಯಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ, ದೇವರ ಕೋಣೆಯ ಮಾಡದಲ್ಲಿ ಸಹ. ಗಣಿ ಲಾರಿಗಳು ಓಡಾಡುವ ಊರಿನಲ್ಲಿ ಬಿಳಿ ಗೋಡೆ ಬೇಕೆನ್ನುವುದೇ ದೊಡ್ಡ ಆಸೆ.

ಜಂಬಮ್ಮ ಮೊದಲು ಒಲೆಯ ಕಟ್ಟೆ ಉಜ್ಜಿದಳು. ಆಮೇಲೆ ಡಬ್ಬಿಗಳನ್ನಿಳಿಸಿ ಕಪಾಟು ಒರೆಸಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಏನ್ ಸಣ್ಣದೈತ್ರಿ ಇದು! ಇಷ್ಟು ವರ್ಷ ಒಳಗ ಅರಮನಿ ಐತಂತ ತಿಳ್ಕೊಂಡಿದ್ದೆ." ಕೊನೆಗೆ ಬಾಗಿಲನ್ನು ಎಳೆದು ಅದರ ಹಿಂದೆ ಇಣುಕಿದಳು. ಅಲ್ಲಿ ಬೆಳಕು ಕಡಿಮೆ.

"ರಾಯರ, ಬಾಗಿಲ ಹಿಂದ ಗೋಡಿಗೆ ಕೆಂಪಗ ಹತ್ತೈತಿ. ಗಣಿ ಧೂಳು ಇಲ್ಲೀತನಕ ಬಂದೈತಿ ನೋಡ್ರಿ! ತಿಕ್ಕಿಬಿಡ್ಲೇನು?"

ಪಡಸಾಲೆಯಲ್ಲಿ ಸ್ಟೂಲ್ ಮೇಲೆ ನಿಂತು ಫ್ಯಾನ್ ಒರೆಸುತ್ತಿದ್ದ ರಾಘಣ್ಣನ ಕೈ ನಿಂತಿತು.

ಅದು ಧೂಳಲ್ಲ, ಕೆಮ್ಮಣ್ಣು. ಶ್ರಾವಣದ ಶುಕ್ರವಾರ ಪದ್ಮಾಬಾಯಿ ಆ ಗೋಡೆಯ ಮೇಲೆ ಮಕ್ಕಳನ್ನು ಕಾಯುವ ಜೀವತಿಯನ್ನು ಬರೆಯುತ್ತಿದ್ದಳು. ತೊಡೆಯ ಮೇಲೆ, ಸುತ್ತಮುತ್ತ ಮಕ್ಕಳನ್ನಿಟ್ಟುಕೊಂಡು ಕೂತ ತಾಯಿ. ಅವಳ ಮುಂದೆ ಮಗ ಪ್ರಣವನನ್ನು ಕೂರಿಸಿ, ನೂರು ವರ್ಷ ಬಾಳಲಿ ಎಂದು ಆರತಿ ಎತ್ತುತ್ತಿದ್ದಳು. ನಾಲ್ಕು ಶ್ರಾವಣದ ಹಿಂದೆ, ಬಟ್ಟಲಲ್ಲಿ ಉಳಿದ ಕೆಮ್ಮಣ್ಣಿಗೆ ಬೆರಳದ್ದಿ, ಒಂಬತ್ತು ವರ್ಷದ ಹುಡುಗ ಗೋಡೆಯ ಕೆಳಗಡೆ ಬ್ಯಾಟು ಹಿಡಿದ ಒಬ್ಬ ಪೋರನನ್ನು ಬರೆದ. "ಜೀವತಿ ಮಕ್ಕಳೊಳಗ ನಾನೂ ಒಬ್ಬಾಂವ," ಎಂದ. ಆ ವರ್ಷದ ನವರಾತ್ರಿಯಲ್ಲಿ ಜ್ವರ ಬಂತು. ನಾಲ್ಕನೆಯ ದಿನ ಆಸ್ಪತ್ರೆಯಿಂದ ತಾಯಿತಂದೆ ಇಬ್ಬರೇ ಬಂದರು.

ಅಲ್ಲಿಂದ ಆ ಗೋಡೆಗೆ ಸುಣ್ಣವಿಲ್ಲ, ಹೊಸ ಜೀವತಿಯೂ ಇಲ್ಲ. ಹಳೆಯ ಗೆರೆಗಳು ಒಲೆಯ ಹೊಗೆಗೆ ಮಾಸಿದ್ದವು. ಪದ್ಮಾಬಾಯಿ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬಾಗಿಲು ಮುಚ್ಚಿಕೊಂಡು ಆ ಚಿತ್ರದ ಮುಂದೆ ನಿಲ್ಲುತ್ತಿದ್ದಳು. ನಿಲ್ಲುವ ಹೊತ್ತು ವರ್ಷ ವರ್ಷ ಹೆಚ್ಚುತ್ತಲೇ ಇತ್ತು. ಈ ಮನೆ ಬಿಟ್ಟರೆ ಹೆಂಡತಿಯಾದರೂ ಉಳಿದಾಳು ಎಂದು ರಾಘಣ್ಣ ಮಾರಲು ಹೊರಟಿದ್ದ. ಅವಳು ಒಪ್ಪಿದ್ದಳು, ಒಂದು ಮಾತಿನ ಮೇಲೆ: "ಆ ಗೋಡಿ ಯಾರೂ ಮುಟ್ಟಬ್ಯಾಡ್ರಿ. ಕಡೀ ದಿನ ನಾನೇ ಒರಸ್ತೀನಿ." ಹೋದ ತಿಂಗಳು ಸಿರುಗುಪ್ಪದಿಂದ ಬಂದವರನ್ನು ಅವಳು ಅಡುಗೆ ಮನೆಯೊಳಗೇ ಬಿಡಲಿಲ್ಲ. ಅವರು ಮತ್ತೆ ಬರಲಿಲ್ಲ.

"ರಾಯರ, ಕೇಳಿಸ್ತೇನು? ತಿಕ್ಕಲೋ ಬ್ಯಾಡೋ?"

ರಾಘಣ್ಣ ಒರೆಸಿದ ರೆಕ್ಕೆಯನ್ನೇ ಇನ್ನೊಮ್ಮೆ ಒರೆಸಿದ.

"ಹೂಂ," ಎಂದ.

ಪದ್ಮಾಬಾಯಿಯ ಆಟೋ ಬಂದು ನಿಂತಾಗ ಹತ್ತೂವರೆ. ಜಂಬಮ್ಮ ಒಳಗಿನಿಂದಲೇ ಕೂಗಿದಳು: "ಬರ್ರಿ ಬಾಯಾರ, ನಿಮ್ಮ ಅಡಿಗಿ ಮನಿ ನೋಡ್ರಿ! ಮಲ್ಲಿಗಿ ಹೂ ಮಾಡಿಟ್ಟೀನಿ. ಈ ಬಾಗಿಲ ಹಿಂದ ನೋಡ್ರಿ, ಎಂಥಾ ಧೂಳು ಕುಂತಿತ್ತು…"

ಪದ್ಮಾಬಾಯಿ ಬಾಗಿಲ ಹಿಂದೆ ನೋಡಿದಳು. ಗೋಡೆ ಒದ್ದೆಯಾಗಿ ಹೊಳೆಯುತ್ತಿತ್ತು. ಜಂಬಮ್ಮ ಮೇಲಿನಿಂದ ತಿಕ್ಕುತ್ತ ಬಂದಿದ್ದಳು. ಕೆಳಗೆ, ನೆಲದಿಂದ ಗೇಣೆತ್ತರದಲ್ಲಿ, ಎರಡು ಕಡ್ಡಿ ಕಾಲು, ಪಕ್ಕದಲ್ಲಿ ಬ್ಯಾಟಿನ ತುದಿ ಉಳಿದಿದ್ದವು.

ಅವಳು ಅಲ್ಲೇ ನೆಲಕ್ಕೆ ಕೂತಳು.

ಜಂಬಮ್ಮ ಅವಳ ಕಣ್ಣು ಹೋದ ಕಡೆ ತಾನೂ ಬಗ್ಗಿ ನೋಡಿದಳು. ಹಿತ್ತಲಲ್ಲಿ ಮುಸುರೆ ಬಿಟ್ಟೆದ್ದು, ಸಬಕಾರದ ಕೈಯಲ್ಲೇ ಆ ಹುಡುಗನಿಗೆ ಎಷ್ಟು ಸಲ ಚೆಂಡು ಎಸೆದಿದ್ದಳೋ! ಕೈಯ ನಾರು ಬಿತ್ತು.

"ನಮ್ಮ ಪಣುವಪ್ಪ ಬರದದ್ದೇನ್ರಿ ಇದು? ಅಯ್ಯ ನನ್ನ ಕೈಗೆ ಬೆಂಕಿ ಹತ್ತಲಿ… ನಂಗ ಗೊತ್ತಿಲ್ರಿ ಬಾಯಾರ. ಈ ಗೋಡಿ ನಾ ಎಂದೂ ಕಂಡೇ ಇಲ್ಲ."

"ಹೆಂಗ ಕಾಣ್ತಿ?" ಎಂದಳು ಪದ್ಮಾಬಾಯಿ. "ನಾ ಎಂದಾರ ನಿನ್ನ ಒಳಗ ಕರದೀನೇನು?"

ರಾಘಣ್ಣ ಹೊಸ್ತಿಲಲ್ಲಿ ಬಂದು ನಿಂತಿದ್ದ. "ಅಕಿ ನನ್ನ ಕೇಳಿದ್ಲು ಪದ್ಮಾ. ಧೂಳಂತ ತಿಳದು, ತಿಕ್ಕಲೇನು ಅಂತ ಕೇಳಿದ್ಲು. ನಾ ಹೂಂ ಅಂದೆ."

"ಮರತಿದ್ರೇನು?"

"ಇಲ್ಲ."

ನಾರಿನಿಂದ ಕೆಂಪು ನೀರು ಸೋರಿ ನೆಲದ ಮೇಲೆ ಹರಿಯಿತು. ಜಂಬಮ್ಮ ಅದನ್ನು ಸೆರಗಿನಿಂದಲೇ ಒರೆಸಿ, ಬಕೆಟ್ಟು ಎತ್ತಿಕೊಂಡು ಬಚ್ಚಲ ಕಡೆ ತಿರುಗಿದಳು.

"ಮೋರಿಗೆ ಬ್ಯಾಡ," ಎಂದು ಪದ್ಮಾಬಾಯಿ ಎದ್ದಳು. "ತುಳಸಿಗೆ ಹಾಕ್ತೀನಿ, ಕೊಡಿಲ್ಲಿ."

"ವಾಷಿಂಗ್ ಸೋಡಾ ಹಾಕೀನ್ರಿ. ತುಳಸಿ ಸಾಯ್ತೈತಿ."

ಪದ್ಮಾಬಾಯಿ ಬಕೆಟ್ಟಿನೊಳಗೆ ನೋಡುತ್ತ ನಿಂತಳು.

"ಹಿತ್ತಲ ಬೇವಿಗೆ ಹಾಕೋಣ್ರಿ," ಎಂದಳು ಜಂಬಮ್ಮ ಮೆಲ್ಲಗೆ. "ಅದು ತಡ್ಕೋತೈತಿ."

ಇಬ್ಬರೂ ಬಕೆಟ್ಟಿನ ಹಿಡಿಕೆಗೆ ಒಂದೊಂದು ಕೈ ಹಾಕಿ ಹೊತ್ತುಕೊಂಡು ಹೋಗಿ ಬೇವಿನ ಬುಡಕ್ಕೆ ಸುರಿದರು. ನೆಲ ಅದನ್ನು ಆಗಲೇ ಕುಡಿದುಬಿಟ್ಟಿತು. ಒಳಗೆ ಬಂದ ಮೇಲೆ ಜಂಬಮ್ಮ ಕೇಳಿದಳು, "ಆ ಎರಡು ಕಾಲು?"

"ಇರ್ಲಿ ಬಿಡು."

ಚಿದಾನಂದಪ್ಪ ಹೇಳಿದ ಹೊತ್ತಿಗೇ ಬಂದ. ರಾಘಣ್ಣ ಅವನಿಗೆ ಬೋರು, ಸಂಪು ತೋರಿಸುತ್ತ ಹಿತ್ತಲಿಗೆ ಕರೆದೊಯ್ದ. ಸೊಸೆ ಜ್ಯೋತಿ ಸೀದಾ ಅಡುಗೆ ಮನೆಗೆ ನಡೆದಳು. ಪದ್ಮಾಬಾಯಿ ಅವಳ ಹಿಂದೆ ಹೋದಳು. ಜಂಬಮ್ಮ ಅಭ್ಯಾಸದಂತೆ ಹೊಸ್ತಿಲ ಹೊರಗೆ ನಿಂತಳು.

"ಭಾಳ ಸ್ವಚ್ಛ ಇಟ್ಟೀರಿ ಬಿಡ್ರಿ," ಎಂದಳು ಜ್ಯೋತಿ. ಕಪಾಟು ತೆರೆದಳು, ನಲ್ಲಿ ತಿರುಗಿಸಿದಳು. ಆಮೇಲೆ ಬಾಗಿಲನ್ನು ಎಳೆದು ಹಿಂದೆ ಕೈಯಾಡಿಸಿದಳು. "ಈ ಗೋಡಿ ಯಾಕ್ರೀ ಅಮ್ಮಾರ, ಹಸಿ ಐತಿ? ನೀರು ಜಿನುಗತೈತೇನು? ಏನಿತ್ತಿಲ್ಲಿ?"

"ಇಲ್ಲವಾ, ಜಿನುಗಂಗಿಲ್ಲ," ಎಂದಳು ಪದ್ಮಾಬಾಯಿ. "ಧೂಳಿತ್ತು. ತೊಳದೀವಿ."

ಜ್ಯೋತಿ ಇನ್ನೂ ಕೆಳಗೆ ಬಗ್ಗುತ್ತಿದ್ದಳು. ಆಗ ಜಂಬಮ್ಮ, ಯಾರೂ ಕರೆಯದೆಯೇ, ಹೊಸ್ತಿಲು ದಾಟಿ ಒಳಗೆ ಬಂದಳು. ಬಾಗಿಲ ಚಿಲಕ ಹಿಡಿದು, ಅದು ಗೋಡೆಗೆ ತಾಗುವವರೆಗೂ ಮೆಲ್ಲಗೆ ತಳ್ಳಿದಳು.