ಆರನೆಯ ಬಾಟಲಿ

ಮಗಳು ಕಾಲೇಜು ಸೇರಿದ ವರ್ಷ ವೈನ್ ವ್ಯಾಪಾರಿ ಅವಳ ಮದುವೆಗೆಂದು ಆರು ಬಾಟಲಿ ಬಿಳಿ ವೈನ್ ಎತ್ತಿಟ್ಟಿದ್ದ. ಮದುವೆಗೆ ವಾರವಿರುವಾಗ ಅನುಮಾನ ತಲೆ ತಿನ್ನತೊಡಗಿತು. ಒಂದನ್ನು ತೆರೆದ. ಬಿರಡೆಯ ಸಂದಿಯಲ್ಲಿ ಗಾಳಿ ನುಸುಳಿ, ಇನ್ನೂ ಹತ್ತು ವರ್ಷ ಬಾಳಬೇಕಿದ್ದ ವೈನ್ ಅಕಾಲದಲ್ಲೇ ಮುಪ್ಪಾಗಿ ಕಂದಿತ್ತು. ಹೆಚ್ಚಿಟ್ಟು ಕಪ್ಪಾದ ಸೇಬಿನ ವಾಸನೆ. ಇನ್ನೊಂದನ್ನು ತೆರೆದ, ಅದೂ ಅಷ್ಟೇ. ನಿಂತಲ್ಲಿ ನಿಲ್ಲಲಾರದೆ ಮೂರನೆಯದು, ನಾಲ್ಕನೆಯದು. ಐದನೆಯದು ಮಾತ್ರ ಅಪ್ಪಟ ಚಿನ್ನ! ಆದರೆ ತೆರೆದದ್ದು ವಾರ ಉಳಿಯುವುದಿಲ್ಲ, ಒಂದು ಬಾಟಲಿ ಇನ್ನೊಂದಕ್ಕೆ ಸಾಕ್ಷಿಯೂ ಅಲ್ಲ. ಕೈ ಆರನೆಯದರತ್ತ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ಬಿರಡೆ ತೆಗೆಯುವ ತಿರುಪನ್ನು ಕಿತ್ತುಕೊಂಡಳು.

“ಕೊಡು ಪುಟ್ಟಾ, ಇದೂ ಕೆಟ್ಟಿದ್ರೆ ಏನ್ ಗತಿ? ನೋಡೇಬಿಡೋಣ.”

“ಸುಮ್ನಿರಿ ಅಪ್ಪಾ. ನಿಮ್ಮ ಅಳಿಯನ್ನ ನಾನೇನು ಬಿರಡೆ ತೆಗೆದು ನೋಡಿ ಒಪ್ಕೊಂಡ್ನಾ?”