ಎಡಗಡೆಯ ದೇವದೂತೆ

ಭೂಕಂಪದ ಬೆಳಿಗ್ಗೆ ನಮ್ಮ ಜಾವಾದ ಹಳ್ಳಿಯ ಇಗರ್ಜಿಯ ಚಾವಣಿಯೂ ಬಿತ್ತು, ನಮ್ಮ ಮನೆಯ ಗೋಡೆಯೂ ಬಿತ್ತು. ಗೋಡೆಯ ಕೆಳಗೆ ನನ್ನ ಮಗಳು ಲಾರಸ್ ಇದ್ದಳು. ಆಮೇಲೆ ಸುರಿದ ಮಳೆಗೆ ಅವಳ ಫೋಟೋಗಳೆಲ್ಲ ಕರಗಿಹೋದವು. ಅವಳ ಮುಖ ಉಳಿಯಬಹುದಾಗಿದ್ದ ಜಾಗ ಒಂದೇ, ಇಗರ್ಜಿ.

ಅಲ್ಲಿ ಪೀಠದ ಎರಡೂ ಬದಿ ತೇಗದ ದೇವದೂತೆಯರು ಮಂಡಿಯೂರಿದ್ದರು. ಬೆನ್ನಿಗೆ ರೆಕ್ಕೆ, ಸೊಂಟಕ್ಕೆ ಬಾಟಿಕ್, ತಲೆಗೆ ಸುಲ್ತಾನರ ಅರಮನೆಯ ನರ್ತಕಿಯರ ಕಿರೀಟ. ಕೆತ್ತಿದವನು ನನ್ನ ಗಂಡ ಮಾರ್ಸುದಿ. ಬಲಗಡೆಯವಳಿಗೆ ಮಾದರಿಯಾಗಿ ಪಕ್ಕದ ಮನೆಯ ವೆನಿಂಗ್ ಕೂತಿದ್ದಳು, ಎಡಗಡೆಯವಳಿಗೆ ಲಾರಸ್. ತೊಗಲುಗೊಂಬೆಯಾಗಲಿ ಮರದ್ದಾಗಲಿ, ನಮ್ಮಲ್ಲಿ ಮರ್ಯಾದಸ್ಥ ಹೆಣ್ಣಿನ ಮುಖ ಬಗ್ಗಿರಬೇಕು. ಗಲ್ಲ ಎತ್ತಿದವಳು ಬಾಯಿಬಡುಕಿ ಅಂತ ಲೆಕ್ಕ.

"ತಲೆ ಬಗ್ಸೇ. ನೀನು ದೇವದೂತೆ, ಮೀನು ಮಾರೋಳಲ್ಲ," ಅಂತ ಕೆತ್ತುವಾಗ ಗಂಡ ಗದರಿದ.

"ಬಗ್ಸಿದ್ರೆ ದೇವರೆಲ್ಲಿ ಕಾಣ್ತಾನಪ್ಪಾ? ನನ್ನ ಮಂಡಿ ಕಾಣುತ್ತೆ ಅಷ್ಟೇ."

ಆಗಿನ ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಲ್ಲ ಎತ್ತಿದಂತೆಯೇ ಉಳಿಯಿತು.

ಭೂಕಂಪದಲ್ಲಿ ಚಾವಣಿಯ ತೊಲೆ ಬಿದ್ದದ್ದು ಸರಿಯಾಗಿ ಆ ತಲೆಯ ಮೇಲೆ. ಬಲಗಡೆಯವಳಿಗೆ ಒಂದು ಗೀರೂ ಇಲ್ಲ.

ನಾಲ್ಕು ಕಂಬದ ಹೊಸ ಚಾವಣಿ ಎದ್ದ ಮೇಲೆ ಈಗಿನ ಪಾದ್ರಿ, ರೋಮೊ ಹರ್ಯಾದಿ, ಮನೆಗೆ ಬಂದರು. "ತಲೆ ಹೊಸದು ಬೇಕು ಮಾರ್ಸುದಿ. ಅವಳ ಮುಖವೇ ಇರಲಿ."

ನಾನು ಅಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಗಂಡ ಉಳಿ ಹಿಡಿದ. ಅವನ ಅಜ್ಜ ಕಲಿಸಿದ್ದು ಗೊಂಬೆಗಳ ಮುಖ. ಎದುರಿಗೆ ಯಾರೂ ಕೂರದಿದ್ದರೆ ಕೈ ಅತ್ತಲೇ ಓಡುತ್ತದೆ. ಓರೆಗಣ್ಣು, ಚೂಪು ಮೂಗು, ಬಾಗಿದ ಹಣೆ.

"ಇವ್ಳು ಗೊಂಬೆಯಾಟದ ಸೀತೆ ಕಣ್ರೀ. ನನ್ನ ಮಗಳೆಲ್ಲಿ?"

"ಕಣ್ಣಿಗೆ ಬರ್ತಾಳೆ. ಕೈಗೆ ಇಳಿಯಲ್ಲ."

"ಮೂಗು ಸ್ವಲ್ಪ ಚಪ್ಪಟೆ ಮಾಡಿ, ನಿಮ್ಮಮ್ಮನ ಥರ."

"ಅವಳ ಮೂಗು ಚಪ್ಪಟೆ ಇರ್ಲೇ ಇಲ್ಲ!"

ಅವನ ನೆನಪಿನ ಹುಡುಗಿಯೇ ಬೇರೆ, ನನ್ನವಳೇ ಬೇರೆ. ಸೋಯಾ ಹುದುಗಿಸಿ ತೆಂಪೆ ಬಿಲ್ಲೆ ಮಾಡಿ ಮಾರುವುದು ನನ್ನ ಕಸುಬು; ಆ ತಲೆಯನ್ನು ಒಲೆಗೆ ಹಾಕಿ ಅದಕ್ಕೆ ಕಾಳು ಬೇಯಿಸಿದೆ.

ದಾರಿ ಹೇಳಿದವಳು ವೆನಿಂಗ್, ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದವಳು. "ನೀವೇ ಕೂತ್ಕೊಳ್ಳಿ ದೊಡ್ಡಮ್ಮಾ. ಲಾರಸ್ ನಿಮ್ಮ ಪಡಿಯಚ್ಚು ಅಂತಿದ್ರಲ್ಲ ಎಲ್ರೂ."

ಕೂತೆ. ಸೋಯಾ ತೊಳೆದು, ತುಳಿದು, ಬಾಳೆಲೆಯಲ್ಲಿ ಕಟ್ಟಿ, ಸಂತೆಗೆ ಹೊತ್ತು ಮಾರಿ ಬಂದ ಮೇಲೆ ದಿನಾ ಅವನೆದುರು ಮಂಡಿಯೂರಿದೆ.

"ಗಲ್ಲ ಮೇಲೆ."

ಎತ್ತುತ್ತಿದ್ದೆ. ಒಂದು ಗಳಿಗೆಯೊಳಗೆ ಕುತ್ತಿಗೆ ತಾನಾಗಿ ಬಗ್ಗುತ್ತಿತ್ತು.

"ಮೇಲೆ ಕಣೇ." ಆಮೇಲಾಮೇಲೆ ಅವನೂ ಹೇಳುವುದು ಬಿಟ್ಟ. ನೋಡಲು ಹೋದರೆ ಬಟ್ಟೆ ಮುಚ್ಚಿದ. "ಮುಗಿಯೋತನಕ ಬೇಡ. ಮತ್ತೆ ಒಲೆಗೆ ಹಾಕ್ತೀಯ."

ಇಗರ್ಜಿಯ ಆಶೀರ್ವಾದದ ದಿನ ಗಾಮೆಲಾನಿನ ಕಂಚಿನ ವಾದ್ಯಗಳನ್ನು ನುಡಿಸಿದರು. ಎಲ್ಲರೂ ಚಾಪೆಯ ಮೇಲೆ ಕೂತಿದ್ದೆವು. ವೆನಿಂಗ್ ಬಲಗಡೆ, ತನ್ನದೇ ಮುಖದ ಕೆಳಗೆ, ಕೂಸಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ರೋಮೊ ಎಡಗಡೆಯ ಬಟ್ಟೆ ಎಳೆದರು.

"ಈಗ ನೋಡು, ಜೋಡಿ ಸರಿಹೋಯ್ತು," ಅಂತ ಹಿಂದಿನ ಸಾಲಿನ ಮುದುಕಿ ಪಿಸುಗುಟ್ಟಿದಳು. "ಮೊದಲಿನವಳಿಗೆ ಜಂಬ ಜಾಸ್ತಿ. ಇವಳು ಅಪ್ಪಟ ಜಾವಾದ ಹೆಣ್ಣು."

ಮಗಳ ತುಟಿ ಹುಡುಕಿದೆ, ಹುಬ್ಬು ಹುಡುಕಿದೆ. ಗಂಡನ ತೋಳು ಹಿಡಿದೆ.

"ಯಾಕ್ರೀ ತಲೆ ಬಗ್ಸಿಬಿಟ್ರಿ?"

ಅವನು ನನ್ನ ಕಡೆ ನೋಡಲಿಲ್ಲ. "ನಾನು ಬಗ್ಸಲಿಲ್ಲ. ನೀನು ಎತ್ತಲೇ ಇಲ್ಲ."

ಗಾಮೆಲಾನಿನ ದೊಡ್ಡ ಜಾಗಟೆ ಮೊಳಗಿತು. ಎಲ್ಲರೂ ಮಂಡಿಯೂರಿದರು, ನಾನೂ ಊರಿದೆ. ಪೀಠದ ಎಡಗಡೆ, ಕಿರೀಟ ತೊಟ್ಟ ದಣಿದ ಹೆಂಗಸೊಬ್ಬಳು ತನ್ನ ಮಂಡಿಯನ್ನೇ ನೋಡುತ್ತಿದ್ದಳು.